ಕೇಳಿದ್ದು ಕರೆಂಟು, ಸಿಕ್ಕಿದ್ದು ಕಡಲೆಕಾಯಿ

ಪರೇಲಿನ ಜೆರ್ಬಾಯಿ ವಾಡಿಯಾ ರಸ್ತೆಗೆ ಬೆಳಗಾಗುವುದೇ ಟಾಟಾ ಆಸ್ಪತ್ರೆಗೆ ಬರುವವರಿಂದ. ಕಲಬುರಗಿಯಿಂದ, ಸೊಲ್ಲಾಪುರದಿಂದ, ಬಿಹಾರದ ಯಾವುದೋ ಜಿಲ್ಲೆಯಿಂದ ರಾತ್ರಿ ರೈಲು ಹತ್ತಿ ಬಂದವರು ಎದೆಗೆ ಫೈಲು ಅವಚಿಕೊಂಡು ಗೇಟಿನ ಮುಂದೆ ನಿಂತಿರುತ್ತಾರೆ. ಮೂಳೆಯ ಸ್ಕ್ಯಾನ್ ಬರೆದುಕೊಟ್ಟಿದ್ದರೆ ತೋಳಿಗೊಂದು ಇಂಜೆಕ್ಷನ್ ಚುಚ್ಚಿ, ‘ಚೆನ್ನಾಗಿ ನೀರು ಕುಡಿಯಿರಿ, ಎರಡು ಮೂರು ತಾಸು ಕೂತಿರಿ’ ಎಂದು ಒಳಗೇ ಕೂರಿಸುತ್ತಾರೆ. ಜೊತೆಗೆ ಬಂದ ಮಗನೋ ಅಳಿಯನೋ ಹೊರಗೆ. ಹೊತ್ತು ಹೋಗಬೇಕಲ್ಲ, ಫುಟ್‌ಪಾತಿನ ಶೇಂಗಾದವನ ಹತ್ತಿರ ಒಂದು ಪೊಟ್ಟಣ ಕಟ್ಟಿಸಿಕೊಳ್ಳುತ್ತಾನೆ.

ಒಳಗಿನ ಇಂಜೆಕ್ಷನ್ನಿಗೂ ಹೊರಗಿನ ಶೇಂಗಾಕ್ಕೂ ತವರುಮನೆ ಒಂದೇ ಇದ್ದರೂ ಇರಬಹುದು. ಅದು ಪರೇಲಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಟ್ರಾಂಬೆ. ಎಲಿಫೆಂಟಾಕ್ಕೆ ಹೋಗುವ ಲಾಂಚಿನಲ್ಲಿ ಕೂತು ಎಡಕ್ಕೆ ತಿರುಗಿದರೆ ಗುಡ್ಡದ ಬುಡದಲ್ಲಿ ಬಿಳಿ ಗುಮ್ಮಟವೊಂದು ಕಾಣುತ್ತದೆ. ಅದೇ ಭಾಭಾ ಅಣು ಸಂಶೋಧನಾ ಕೇಂದ್ರ. ಅಲ್ಲಿ ಬಾಂಬು ಮಾಡುತ್ತಾರೆ, ಕರೆಂಟು ಮಾಡುತ್ತಾರೆ ಎಂಬುದಷ್ಟೇ ನಮ್ಮಲ್ಲಿ ಬಹುತೇಕರಿಗೆ ಗೊತ್ತು. ಕರೆಂಟಿನ ಲೆಕ್ಕ ಆಮೇಲೆ ನೋಡೋಣ. ಅಲ್ಲಿ ಉದ್ದಿನ ತಳಿ ಹುಟ್ಟಿತು, ಶೇಂಗಾದ ತಳಿ ಹುಟ್ಟಿತು ಎಂದರೆ ಮುಂಬಯಿಯವರೇ ನಂಬುವುದಿಲ್ಲ.

ಯಾರ ದುಡ್ಡು, ಯಾತಕ್ಕೆ

ಕತೆ ಶುರುವಾಗುವುದು ಬೆಂಗಳೂರಿನಲ್ಲಿ. 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆಂದು ಊರಿಗೆ ಬಂದಿದ್ದ ಹೋಮಿ ಭಾಭಾ, ಯುದ್ಧ ಶುರುವಾದ್ದರಿಂದ ಹಿಂದಿರುಗಲಾಗದೆ ಸಿ.ವಿ. ರಾಮನ್ ಇದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಳಿದರು. ಅವರ ಆಸಕ್ತಿ ಕಾಸ್ಮಿಕ್ ಕಿರಣ. ಆಕಾಶದಿಂದ ಬಂದು ನಮ್ಮ ಮೈಮೂಲಕ ಹಾದುಹೋಗುವ ಈ ಕಿರಣಗಳಿಂದ ಯಾರಿಗೂ ಮೂರು ಕಾಸಿನ ಲಾಭವಿರಲಿಲ್ಲ. ಆದರೂ 1944ರ ಮಾರ್ಚಿನಲ್ಲಿ ಅವರು ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೊಂದು ಕಾಗದ ಬರೆದರು. ಮೂಲವಿಜ್ಞಾನಕ್ಕೊಂದು ಸಂಸ್ಥೆ ಬೇಕು. ಇನ್ನೆರಡು ದಶಕದಲ್ಲಿ ಅಣುಶಕ್ತಿಯಿಂದ ವಿದ್ಯುತ್ ತೆಗೆಯುವ ಕಾಲ ಬಂದರೆ ತಜ್ಞರಿಗಾಗಿ ನಾವು ಪರದೇಶದ ಬಾಗಿಲು ತಟ್ಟುವಂತಾಗಬಾರದು ಎಂಬುದು ಕಾಗದದ ತಾತ್ಪರ್ಯ. ಹಿರೋಶಿಮಾದ ಮೇಲೆ ಬಾಂಬು ಬೀಳುವುದಕ್ಕೆ ಇನ್ನೂ ಒಂದು ವರ್ಷದ ಮೇಲೆ ಬಾಕಿಯಿತ್ತು.

1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹುಟ್ಟಿತು. ಮೊದಲು ಬೆಂಗಳೂರು, ಆ ವರ್ಷದ ಕೊನೆಗೆ ಮುಂಬಯಿಯ ಪೆಡ್ಡರ್ ರಸ್ತೆಯ ಕೆನಿಲ್‌ವರ್ತ್ ಬಂಗಲೆ, ಆಮೇಲೆ ಗೇಟ್‌ವೇ ಬಳಿಯ ಹಳೇ ಯಾಟ್ ಕ್ಲಬ್ಬು, ಕಡೆಗೆ ಕೊಲಾಬಾದ ಸಮುದ್ರದಂಡೆ. ಹೆಸರಿನಲ್ಲಿ ಟಾಟಾ ಇದೆ, ಬೀಜದ ದುಡ್ಡೂ ಟಾಟಾ ಟ್ರಸ್ಟಿನದೇ. ಆದರೆ ಮೊದಲಿನಿಂದಲೂ ಮುಂಬಯಿ ಸರಕಾರದ ಅನುದಾನ ಜೊತೆಗಿತ್ತು. ಗಿಡ ಮರವಾದದ್ದು ಕೇಂದ್ರ ಸರಕಾರದ ನೀರಿನಿಂದ. ಇವತ್ತು ಅದು ಅಣುಶಕ್ತಿ ಇಲಾಖೆಯ ಆಸರೆಯಲ್ಲಿರುವ ಸಂಸ್ಥೆ.

ಅಲ್ಲಿಂದ ಟಿಸಿಲೊಡೆದದ್ದೇ ಟ್ರಾಂಬೆ. 1956ರ ಆಗಸ್ಟ್ 4ರಂದು ಅಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆಯಿತು. ನೀರಿನ ಕೊಳದೊಳಗೆ ಇಳಿಬಿಟ್ಟ ಪುಟ್ಟ ರಿಯಾಕ್ಟರ್ ಅದು. ಇಂಧನ ಇಂಗ್ಲೆಂಡಿನದು, ಉಳಿದದ್ದು ಬಹುಮಟ್ಟಿಗೆ ಇಲ್ಲಿನದೇ. ಅದರಿಂದ ಒಂದು ಬಲ್ಬೂ ಉರಿಯಲಿಲ್ಲ, ಉರಿಸುವುದು ಅದರ ಕೆಲಸವೂ ಆಗಿರಲಿಲ್ಲ. ನ್ಯೂಟ್ರಾನ್ ಎಂಬ ಕಣಗಳನ್ನು ಧಾರಾಳವಾಗಿ ಒದಗಿಸುವುದು, ಅವುಗಳ ದಾರಿಗೆ ಬೇರೆ ಬೇರೆ ವಸ್ತುಗಳನ್ನು ಹಿಡಿದು ಏನಾಗುತ್ತದೆಂದು ನೋಡುವುದು, ಅಷ್ಟೇ. ಮೂಲ ಸಂಶೋಧನೆ ಅನ್ನುವುದು ಇದಕ್ಕೇ. ಗಿರಾಕಿ ಯಾರು ಎಂದು ಕೇಳಿದರೆ ಉತ್ತರವಿಲ್ಲ.

ಕಿರಣ ತಾಗಿದ ಬೀಜ

1927ರಲ್ಲಿ ಅಮೆರಿಕದ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಿಗೆ ಎಕ್ಸ್-ರೇ ಹಾಯಿಸಿ, ಅವುಗಳ ಸಂತತಿಯಲ್ಲಿ ಹೊಸ ಹೊಸ ಲಕ್ಷಣ ಕಾಣಿಸಿಕೊಳ್ಳುವುದನ್ನು ತೋರಿಸಿದರು. ಮರುವರ್ಷವೇ ಅಲ್ಲಿನ ಲೂಯಿಸ್ ಸ್ಟಾಡ್ಲರ್ ಬಾರ್ಲಿಯಲ್ಲೂ ಹೀಗೇ ಆಗುತ್ತದೆ ಎಂದರು. ತಮಾಷೆಯೆಂದರೆ, ಇದರಿಂದ ಬೇಸಾಯಕ್ಕೇನಾದರೂ ಪ್ರಯೋಜನವಾದೀತು ಎಂಬ ನಂಬಿಕೆ ಸ್ವತಃ ಸ್ಟಾಡ್ಲರ್ ಅವರಿಗೇ ಅಷ್ಟಾಗಿ ಇರಲಿಲ್ಲ.

ಟ್ರಾಂಬೆಯ ಜೀವಶಾಸ್ತ್ರಜ್ಞರು ಆ ದಾರಿ ಹಿಡಿದರು. ‘ಸ್ಪ್ಯಾನಿಷ್ ಇಂಪ್ರೂವ್ಡ್’ ಎಂಬ ಹಳೆಯ ಶೇಂಗಾ ತಳಿಯ ಬೀಜಗಳಿಗೆ ಎಕ್ಸ್-ರೇ ಹಾಯಿಸಿದರು. ಈ ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಇತ್ತೀಚೆಗೆ ಬೀಜಗಳಿಗೆ ಹಾಯಿಸುವುದು ಕೋಬಾಲ್ಟ್-60ರಿಂದ ಹೊಮ್ಮುವ ಗ್ಯಾಮಾ ಕಿರಣವನ್ನು. ದಪ್ಪ ಸೀಸದ ಪೆಟ್ಟಿಗೆಯೊಳಗೆ ಬೀಜದ ಪೊಟ್ಟಣ ಇಳಿಸಿ, ಲೆಕ್ಕ ಹಾಕಿದಷ್ಟು ಹೊತ್ತು ಬಿಟ್ಟು ತೆಗೆಯುತ್ತಾರೆ. ಕಡಿಮೆಯಾದರೆ ಏನೂ ಆಗುವುದಿಲ್ಲ, ಹೆಚ್ಚಾದರೆ ಮೊಳಕೆಯೇ ಬರುವುದಿಲ್ಲ. ಕಿರಣ ಬೀಜದ ಮೂಲಕ ಹಾದುಹೋಗುತ್ತದೆಯೇ ಹೊರತು ಅಲ್ಲಿ ಉಳಿಯುವುದಿಲ್ಲ. ಆದ್ದರಿಂದ ಇಂಥ ಕಾಳು ತಿಂದರೆ ವಿಕಿರಣ ಹೊಟ್ಟೆ ಸೇರುತ್ತದೆಂಬ ಹೆದರಿಕೆಗೆ ಅರ್ಥವಿಲ್ಲ. ಹಾದುಹೋಗುವಾಗ ಅದು ವಂಶವಾಹಿಯ ಅಲ್ಲೊಂದು ಇಲ್ಲೊಂದು ಕೊಂಡಿ ಕಳಚುತ್ತದೆ. ಜೀವಕೋಶ ಅದನ್ನು ತಿರುಗಿ ಜೋಡಿಸುವಾಗ ತಪ್ಪುತ್ತದೆ. ಆ ತಪ್ಪೇ ಬೇಕಾದದ್ದು.

ಮೊದಲ ವರ್ಷದ ಹೊಲದಲ್ಲಿ ವಿಶೇಷವೇನೂ ಕಾಣದು. ನಿಜವಾದ ನೋಟ ಎರಡನೇ ತಲೆಮಾರಿನದು. ಸಾವಿರಾರು ಗಿಡಗಳ ಸಾಲಿನಲ್ಲಿ ಒಂದಕ್ಕೆ ಎಲೆಯೇ ಬಿಳಿ, ಒಂದು ಬಂಜೆ, ಒಂದು ಮುರುಟಿದ್ದು. ಬಹುಪಾಲು ಹಾಳು. ಅವುಗಳ ನಡುವೆ ಎಲ್ಲೋ ಒಂದು ಗಿಡದ ಕಾಯಿ ದಪ್ಪ, ಇನ್ನೊಂದು ಹತ್ತು ದಿನ ಮೊದಲೇ ಬಲಿತಿದೆ. ಅಂಥದ್ದನ್ನು ಹುಡುಕಿ ಗುರುತು ಕಟ್ಟಿ, ಬೀಜ ಬೇರೆ ಇಟ್ಟು, ಮರುವರ್ಷ ಬಿತ್ತಿ, ಒಂದಕ್ಕೊಂದು ಸಂಕರ ಮಾಡಿ, ಕೃಷಿ ವಿಶ್ವವಿದ್ಯಾಲಯಗಳ ಹೊಲಗಳಲ್ಲಿ ಪರೀಕ್ಷಿಸಿ ರೈತನ ಕೈಗೆ ಕೊಡುವ ಹೊತ್ತಿಗೆ ಎಂಟು ಹತ್ತು ವರ್ಷ ಉರುಳಿರುತ್ತದೆ. ದಪ್ಪಕಾಳಿನ ಟಿಜಿ-1 ಬಿಡುಗಡೆಯಾದದ್ದು 1973ರಲ್ಲಿ. 1991ರಲ್ಲಿ ಬಂದ ಟಿಎಜಿ-24 ಗಿಡ್ಡ ಗಿಡ, ಬೇಗ ಕೊಯ್ಲಿಗೆ ಬರುವಂಥದ್ದು. ಮಹಾರಾಷ್ಟ್ರ, ಕರ್ನಾಟಕ ಸೇರಿ ಹಲವು ರಾಜ್ಯಗಳಲ್ಲಿ ಹಬ್ಬಿತು. ಅದರ ಹೆಸರಿನ ‘ಎ’ ಅಂದರೆ ವಿದರ್ಭದ ಅಕೋಲಾ, ಅಲ್ಲಿನ ಕೃಷಿ ವಿಶ್ವವಿದ್ಯಾಲಯ. ಟಿಎಯು-1 ಎಂಬ ಉದ್ದೂ ಅದೇ ಜೋಡಿಯದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದ ದಪ್ಪಕಾಳಿನ ಶೇಂಗಾಕ್ಕೆ ಟಿಡಿಜಿ-39 ಎಂದು ಹೆಸರು. ಹೀಗೆ ಟ್ರಾಂಬೆಯಿಂದ ಇದುವರೆಗೆ ಹೊರಬಂದ ತಳಿಗಳು 70ರ ಆಸುಪಾಸು.

ಇದನ್ನು ಖಾಸಗಿ ಬೀಜ ಕಂಪನಿ ಯಾಕೆ ಮಾಡಲಿಲ್ಲ? ಶೇಂಗಾ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಬೆಳೆ. ತಂದ ಬೀಜ ಒಮ್ಮೆ ಬಿತ್ತಿದರೆ ಮುಂದಿನ ವರ್ಷಕ್ಕೆ ರೈತ ತನ್ನ ಕಾಳನ್ನೇ ಎತ್ತಿಟ್ಟುಕೊಳ್ಳುತ್ತಾನೆ, ಅಂಗಡಿಗೆ ಬರುವುದಿಲ್ಲ. ಸಾಲದ್ದಕ್ಕೆ ಹೆಕ್ಟೇರಿಗೆ ನೂರು ಕಿಲೋಕ್ಕೂ ಮೇಲೆ ಬೀಜ ಬೇಕು. ದಾಸ್ತಾನು, ಸಾಗಣೆ ಎಲ್ಲ ದುಬಾರಿ. ವರ್ಷ ವರ್ಷವೂ ಕೊಳ್ಳಲೇಬೇಕಾದ ಹೈಬ್ರಿಡ್ ಹತ್ತಿ, ಮುಸುಕಿನ ಜೋಳ ಇರುವಾಗ ಕಂಪನಿಗೆ ಇದೇಕೆ? ಹತ್ತು ವರ್ಷ ದುಡಿದು ಸಿಕ್ಕ ಲಾಭವೆಲ್ಲ ರೈತನ ಕಣಜಕ್ಕೇ ಹೋಗುವಂಥ ವ್ಯವಹಾರಕ್ಕೆ ಬಂಡವಾಳ ಹಾಕುವ ಸಾಹುಕಾರ ಒಬ್ಬನೇ. ಅವನು ಸರಕಾರ.

ಆರು ತಾಸಿನ ಮದ್ದು

ಇನ್ನು ಪರೇಲಿನ ಇಂಜೆಕ್ಷನ್ನಿಗೆ ಬರೋಣ. ಅದರಲ್ಲಿರುವುದು ಟೆಕ್ನೀಷಿಯಂ-99ಎಂ. ಮೂಳೆಗೆ ಅಂಟುವ ರಾಸಾಯನಿಕವೊಂದರ ಬೆನ್ನೇರಿ ಮೈಯೊಳಗೆ ಹೋಗಿ, ಎಲ್ಲಿ ಮೂಳೆಯ ಚಟುವಟಿಕೆ ಹೆಚ್ಚಿದೆಯೋ ಅಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿಂದ ಹೊಮ್ಮುವ ಗ್ಯಾಮಾ ಕಿರಣವನ್ನು ಕ್ಯಾಮೆರಾ ಹಿಡಿಯುತ್ತದೆ. ಗಡ್ಡೆ ಮೂಳೆಗೆ ಹಬ್ಬಿದ್ದರೆ ಚಿತ್ರದಲ್ಲಿ ಚುಕ್ಕೆ ಬೀಳುತ್ತದೆ. ಆರು ತಾಸಿಗೆ ಈ ವಸ್ತು ಅರ್ಧಕ್ಕಿಳಿಯುತ್ತದೆ, ಮರುದಿನದ ಹೊತ್ತಿಗೆ ನಾಮಮಾತ್ರಕ್ಕೆ ಉಳಿದಿರುತ್ತದೆ. ರೋಗಿಗೆ ಇದು ಒಳ್ಳೆಯದೇ. ಆದರೆ ಆರು ತಾಸಿನಲ್ಲಿ ಅರ್ಧ ಕರಗುವ ಮಾಲನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸುವುದು ಹೇಗೆ?

ಅದಕ್ಕೊಂದು ಉಪಾಯವಿದೆ. ಟೆಕ್ನೀಷಿಯಮ್ಮಿನ ಬದಲು ಅದರ ತಾಯಿ ಮಾಲಿಬ್ಡಿನಂ-99 ಅನ್ನು ಕಳಿಸುತ್ತಾರೆ. ಅದು ಅರ್ಧವಾಗಲು 66 ತಾಸು ಬೇಕು. ಸೀಸದ ಕವಚದೊಳಗಿನ ಗಾಜಿನ ಕೊಳವೆಯಲ್ಲಿ, ಅಲ್ಯುಮಿನಾ ಪುಡಿಗೆ ಅಂಟಿಸಿಟ್ಟ ಈ ತಾಯಿ ಹಗಲೂ ರಾತ್ರಿ ಟೆಕ್ನೀಷಿಯಂ ಹೆರುತ್ತಲೇ ಇರುತ್ತದೆ. ಬೆಳಗ್ಗೆ ತಂತ್ರಜ್ಞ ಬಂದು ಮೇಲಿನಿಂದ ಉಪ್ಪುನೀರು ಹಾಯಿಸುತ್ತಾರೆ. ಮಾಲಿಬ್ಡಿನಂ ಅಂಟಿಕೊಂಡೇ ಉಳಿದು, ಟೆಕ್ನೀಷಿಯಂ ಮಾತ್ರ ನೀರಿನೊಂದಿಗೆ ಕೆಳಗಿಳಿಯುತ್ತದೆ. ಮರುದಿನಕ್ಕೆ ಮತ್ತೆ ತುಂಬಿಕೊಂಡಿರುತ್ತದೆ. ಈ ಕಸುಬಿನವರು ಆ ಡಬ್ಬಿಯನ್ನು ಹಸು ಎಂದೇ ಕರೆಯುತ್ತಾರೆ, ಮಾಡುವ ಕೆಲಸಕ್ಕೆ ಹಾಲು ಕರೆಯುವುದು ಎನ್ನುತ್ತಾರೆ. ಇದಕ್ಕಿಂತ ಚೆನ್ನಾದ ಹೋಲಿಕೆ ನನಗೆ ತೋಚುತ್ತಿಲ್ಲ.

ಟೆಕ್ನೀಷಿಯಮ್ಮನ್ನು 1937ರಲ್ಲಿ ಮೊದಲು ಗುರುತಿಸಿದವರು ಇಟಲಿಯ ಪೆರಿಯೆರ್ ಮತ್ತು ಸೆಗ್ರೆ. ಸಿಕ್ಕಿದ್ದು ಅಮೆರಿಕದ ಬರ್ಕ್ಲಿಯಲ್ಲಿ ಕಣಗಳನ್ನು ಓಡಿಸುವ ಯಂತ್ರದಿಂದ ಕಳಚಿ ಕಳಿಸಿದ ಒಂದು ಲೋಹದ ತುಂಡಿನಲ್ಲಿ. ಕರೆಯುವ ಡಬ್ಬಿ ಸಿದ್ಧವಾದದ್ದು 1950ರ ದಶಕದ ಕೊನೆಗೆ, ಅಮೆರಿಕ ಸರಕಾರದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ. ಅಲ್ಲಿನವರು ಬೇರೊಂದು ವಸ್ತುವನ್ನು ಶುದ್ಧಮಾಡಲು ಹೋದಾಗ ಕಲಬೆರಕೆಯಾಗಿ ಕಾಣಿಸಿಕೊಂಡದ್ದು ಟೆಕ್ನೀಷಿಯಂ. ಪೇಟೆಂಟಿನ ಮಾತು ಬಂದಾಗ, ಇದಕ್ಕೆ ಪ್ರಯೋಗಾಲಯದ ಹೊರಗೆ ಅಂಥ ಬೇಡಿಕೆಯೇನೂ ಇರಲಾರದು ಎಂದು ಸಂಬಂಧಪಟ್ಟವರು ಅರ್ಜಿಯನ್ನೇ ಕೈಬಿಟ್ಟರು. ಈಗ ಜಗತ್ತಿನ ಅಣುವೈದ್ಯ ತಪಾಸಣೆಗಳಲ್ಲಿ ಬಹುಪಾಲು ನಡೆಯುವುದು ಇದರಿಂದಲೇ.

ಮುಂಬಯಿಗೆ ಒಂದು ಅನುಕೂಲ ಒದಗಿತ್ತು. ರಿಯಾಕ್ಟರೂ ಆಸ್ಪತ್ರೆಯೂ ಒಂದೇ ಊರಿನಲ್ಲಿದ್ದವು. 1963ರಲ್ಲಿ ಭಾಭಾ ಕೇಂದ್ರದವರು ಪರೇಲಿನಲ್ಲಿ, ಟಾಟಾ ಆಸ್ಪತ್ರೆಯ ಕಟ್ಟಡದಲ್ಲೇ ವಿಕಿರಣ ವೈದ್ಯ ಕೇಂದ್ರ ತೆರೆದರು. ಭೌತವಿಜ್ಞಾನಿಯೂ ವೈದ್ಯರೂ ಒಂದೇ ಸೂರಿನಡಿ ಕೂತು ಕೆಲಸ ಮಾಡುವ ಜಾಗ ದೇಶದಲ್ಲಿ ಆಗ ಅಪರೂಪ. ದೇಶದ ಆಸ್ಪತ್ರೆಗಳಿಗೆ ಇಂಥ ಮದ್ದು ಒದಗಿಸುವ ಸರಕಾರಿ ಮಂಡಳಿ ಈಗ ವಾಶಿಯಲ್ಲಿದೆ. ಮೂಲವಸ್ತು ಟ್ರಾಂಬೆಯ ರಿಯಾಕ್ಟರಿನಿಂದಲೂ ಬರುತ್ತದೆ, ಹೊರದೇಶದಿಂದಲೂ ತರಿಸುತ್ತಾರೆ. 1974ರಲ್ಲಿ ಟ್ರಾಂಬೆಯಲ್ಲಿ ಶುರುವಾದ ಐಸೋಮೆಡ್ ಘಟಕವನ್ನೂ ಇಲ್ಲೇ ನೆನೆಯಬೇಕು. ಹತ್ತಿ, ಹೊಲಿಗೆಯ ದಾರ, ಸಿರಿಂಜು ತುಂಬಿದ ಪೆಟ್ಟಿಗೆಗಳನ್ನು ಬಿಚ್ಚದೆಯೇ ಗ್ಯಾಮಾ ಕಿರಣದ ಮುಂದೆ ಹಾಯಿಸಿ ರೋಗಾಣುಮುಕ್ತ ಮಾಡುವ ದೇಶದ ಮೊದಲ ಘಟಕವದು.

ಯಂತ್ರ ಮುದಿಯಾಯಿತು, ಜನ ಉಳಿದರು

ಮೂಲ ಸಂಶೋಧನೆಯಿಂದ ಬರುವ ದೊಡ್ಡ ಫಸಲು ವಸ್ತುವಲ್ಲ, ಕೈಪಳಗಿದ ಜನ. ನನ್ನ ಮಟ್ಟಿಗೆ ಈ ಕತೆಯ ತಿರುಳು ಇದು.

ಕೊಲಾಬಾದ ಸೇನಾ ಬ್ಯಾರಕ್ಕಿನಲ್ಲಿ 1950ರ ದಶಕದ ನಡುವೆ ಆರ್. ನರಸಿಂಹನ್ ಮುಂದಾಳುತನದಲ್ಲಿ ಟಾಟಾ ಸಂಶೋಧನಾ ಸಂಸ್ಥೆಯ ಒಂದಿಷ್ಟು ತರುಣರು ಕಂಪ್ಯೂಟರ್ ಕಟ್ಟಲು ಕೂತರು. ಹೆಚ್ಚಿನವರು ಅದುವರೆಗೆ ಕಂಪ್ಯೂಟರನ್ನು ಕಣ್ಣಿಂದ ನೋಡಿದವರಲ್ಲ. 1960ರಲ್ಲಿ ಕೆಲಸಕ್ಕೆ ನಿಂತ ಆ ಯಂತ್ರಕ್ಕೆ ಆಮೇಲೆ ಟಿಫ್ರಾಕ್ ಎಂದು ಹೆಸರಾಯಿತು. ನೆನಪಿನ ಸಾಮರ್ಥ್ಯ 2048 ಪದ. ಈಗ ವಾಷಿಂಗ್ ಮೆಷಿನ್ನಿನಲ್ಲೂ ಅದಕ್ಕಿಂತ ಹೆಚ್ಚಿರುತ್ತದೆ. ನಾಲ್ಕೈದು ವರ್ಷದೊಳಗೆ ಅದು ಮೂಲೆಗೆ ಸೇರಿತು, ಅಮೆರಿಕದಿಂದ ಹೊಸದೊಂದನ್ನು ತರಿಸಬೇಕಾಯಿತು. ಲೆಕ್ಕಪರಿಶೋಧಕರ ಕಣ್ಣಲ್ಲಿ ಇದು ದಂಡ. ಆದರೆ ಆ ಗುಂಪಿನಿಂದ ಬೆಳೆದ ಕೇಂದ್ರವೇ ಮುಂದೆ ಜುಹೂಗೆ ಹೋಗಿ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರವಾಯಿತು. ಶ್ರೀನಿವಾಸನ್ ರಮಣಿ ಅದರ ಮುಖ್ಯಸ್ಥರಾಗಿದ್ದರು. 1980ರ ದಶಕದ ಕೊನೆಯಲ್ಲಿ ಜುಹೂವಿಗೂ ಪವಾಯಿಯ ಐಐಟಿಗೂ ಟೆಲಿಫೋನ್ ತಂತಿಯ ಮೇಲೆ ಇ-ಮೇಲ್ ಓಡಿತು, ಅಲ್ಲಿಂದಲೇ ಹೊರದೇಶಕ್ಕೂ ಹೋಯಿತು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ.

ಅಪ್ಸರಾದ ನಿಯಂತ್ರಣ ಉಪಕರಣಗಳನ್ನು ಇಲ್ಲೇ ಮಾಡಿದ ಎ.ಎಸ್. ರಾವ್ ಅವರ ತಂಡದ್ದೂ ಅದೇ ಕತೆ. ಆ ಅನುಭವದಿಂದ 1967ರಲ್ಲಿ ಹೈದರಾಬಾದಿನ ಇಸಿಐಎಲ್ ಹುಟ್ಟಿತು. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಇಸಿ ಟಿವಿ ಅವರದು. ನೀವು ಗುಂಡಿ ಒತ್ತಿ ಓಟು ಹಾಕುವ ಯಂತ್ರ ತಯಾರಾಗುವುದೂ ಎರಡೇ ಕಡೆ: ಬೆಂಗಳೂರಿನ ಬಿಇಎಲ್, ಇಲ್ಲವೇ ಈ ಇಸಿಐಎಲ್.

ಜನರನ್ನು ತಯಾರು ಮಾಡುವುದೇ ಕೆಲಸವೆಂದು 1957ರಲ್ಲಿ ಟ್ರಾಂಬೆಯಲ್ಲಿ ತರಬೇತಿ ಶಾಲೆ ತೆರೆದರು. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ಮುಖ್ಯರು ನಮ್ಮ ತುಮಕೂರಿನ ರಾಜಾ ರಾಮಣ್ಣ. ಅಪ್ಸರಾ ಕಟ್ಟಿದ ತಂಡದಲ್ಲಿ ಬೆಂಗಳೂರಿನ ಎಂ.ಆರ್. ಶ್ರೀನಿವಾಸನ್ ಇದ್ದರು, ಮುಂದೆ ಅವರೇ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು.

ಕರೆಂಟಿನ ಲೆಕ್ಕ

ಇಷ್ಟೆಲ್ಲ ಹೇಳಿ ಇನ್ನೊಂದು ಮಗ್ಗುಲು ಮುಚ್ಚಿಟ್ಟರೆ ಅನ್ಯಾಯವಾದೀತು. ಭಾಭಾ ಮುಖ್ಯವಾಗಿ ಆಸೆ ತೋರಿಸಿದ್ದು ವಿದ್ಯುತ್ತಿನದು. 1969ರಲ್ಲಿ ತಾರಾಪುರ ಬಂತು, ಆಮೇಲೆ ನಮ್ಮ ಕಾಳಿ ದಂಡೆಯ ಕೈಗಾ. ಕೈಗಾದ ಮೊದಲ ಘಟಕ 962 ದಿನ ನಿಲ್ಲದೆ ಓಡಿ 2018ರ ಕೊನೆಗೆ ವಿಶ್ವದಾಖಲೆಯನ್ನೂ ಮಾಡಿತು. ಆದರೂ ದೇಶದ ಒಟ್ಟು ವಿದ್ಯುತ್ತಿನಲ್ಲಿ ಅಣುಶಕ್ತಿಯ ಪಾಲು ಇವತ್ತಿಗೂ ಶೇ 3ರ ಆಸುಪಾಸು. ಶಾಂತಿಗೆಂದು ಕೆನಡಾದ ನೆರವಿನಿಂದ ಕಟ್ಟಿದ ಸೈರಸ್ ರಿಯಾಕ್ಟರಿನ ಪ್ಲುಟೋನಿಯಂ 1974ರ ಪೋಖ್ರಾನ್ ಸ್ಫೋಟಕ್ಕೆ ಒದಗಿತು. ಅಣುಶಕ್ತಿ ಇಲಾಖೆಯ ಸುತ್ತ ಗುಟ್ಟಿನ ಗೋಡೆ ಎಷ್ಟು ಎತ್ತರವೆಂದರೆ ತೆರಿಗೆ ಕೊಟ್ಟವನಿಗೆ ಒಳಗಿನ ಲೆಕ್ಕ ಕಾಣುವುದು ಕಷ್ಟ. ಶೇಂಗಾ ತೋರಿಸಿ ಬಾಂಬಿನ ಖರ್ಚನ್ನು ಸಮರ್ಥಿಸಿದರೆ ನಾನಂತೂ ಒಪ್ಪುವುದಿಲ್ಲ.

ಆದರೆ ಗಮನಿಸಬೇಕಾದ್ದು ಇದು: ಹೇಳಿ ಮಾಡಿಸಿದ್ದು ಅಷ್ಟಕ್ಕಷ್ಟೇ ಬಂತು, ಹೇಳದೇ ಬಂದದ್ದು ಮನೆಮನೆಗೆ ಮುಟ್ಟಿತು. ‘ಈ ದುಡ್ಡಿನಿಂದ ಮೂರು ವರ್ಷದಲ್ಲಿ ಏನು ಕೊಡುತ್ತೀರಿ’ ಎಂದು 1956ರಲ್ಲಿ ಪಟ್ಟುಹಿಡಿದು ಬರೆಸಿಕೊಂಡಿದ್ದರೆ ಆ ಪಟ್ಟಿಯಲ್ಲಿ ಉದ್ದೂ ಇರುತ್ತಿರಲಿಲ್ಲ, ಮೂಳೆಯ ಸ್ಕ್ಯಾನೂ ಇರುತ್ತಿರಲಿಲ್ಲ.

ಪವಾಯಿಯ ಹೊಸ ಫಸಲು

ತೀರಾ ಈಚಿನದು ಪವಾಯಿಯದು. ರಕ್ತದ ಕೆಲವು ಬಗೆಯ ಕ್ಯಾನ್ಸರಿಗೆ ಐಐಟಿಯ ರಾಹುಲ್ ಪುರ್ವಾರ್ ಅವರ ತಂಡ ಮತ್ತು ಟಾಟಾ ಆಸ್ಪತ್ರೆಯ ವೈದ್ಯರು ಸೇರಿ ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ರೋಗಿಯ ರಕ್ತದಿಂದಲೇ ಟಿ-ಕಣಗಳೆಂಬ ಬಿಳಿ ರಕ್ತಕಣಗಳನ್ನು ತೆಗೆದು, ನಿರುಪದ್ರವಿಯಾಗಿಸಿದ ವೈರಸ್ ಮೂಲಕ ಅವುಗಳೊಳಗೆ ಹೊಸದೊಂದು ಸೂಚನೆ ಸೇರಿಸಿ, ಸಂಖ್ಯೆ ಹೆಚ್ಚಿಸಿ ತಿರುಗಿ ಮೈಗೆ ಬಿಡುತ್ತಾರೆ. ಅವು ಕ್ಯಾನ್ಸರ್ ಕಣದ ಮೇಲಿನ ಗುರುತನ್ನು ಹಿಡಿದು ಕೊಲ್ಲುತ್ತವೆ. ವಿದೇಶದಲ್ಲಿ ಮೂರು ನಾಲ್ಕು ಕೋಟಿ ರೂಪಾಯಿ ತಗಲುವ ಚಿಕಿತ್ಸೆ ಇಲ್ಲಿ ಅದರ ಸುಮಾರು ಹತ್ತನೇ ಒಂದು ಪಾಲಿಗೆ ಸಿಗುವಂತಾಯಿತು. ಬಡವರಿಗೆ ಅದೂ ಎಟುಕದು, ನಿಜ. ಈ ಚಿಕಿತ್ಸೆಯ ಹಿಂದಿರುವುದು ಏಡ್ಸ್ ವೈರಸ್ಸಿನ ಸ್ವಭಾವ ತಿಳಿಯಲು, ಟಿ-ಕಣ ಶತ್ರುವನ್ನು ಗುರುತಿಸುವ ಬಗೆ ತಿಳಿಯಲು ಹಲವು ದೇಶಗಳ ಸರಕಾರಗಳು ದಶಕಗಟ್ಟಲೆ ಸುರಿದ ಹಣ.

ಮುಂಬಯಿಗೆ ಇದು ಹೊಸ ವಿದ್ಯೆಯೇನಲ್ಲ. 1897ರ ಪ್ಲೇಗಿನಲ್ಲಿ ಊರು ಖಾಲಿಯಾಗುತ್ತಿದ್ದಾಗ ವಾಲ್ಡೆಮಾರ್ ಹಾಫ್‌ಕಿನ್ ಇಲ್ಲಿನ ಗ್ರಾಂಟ್ ವೈದ್ಯಕೀಯ ಕಾಲೇಜಿನ ಕೋಣೆಯೊಂದರಲ್ಲಿ ಲಸಿಕೆ ತಯಾರಿಸಿ ಮೊದಲು ತನಗೇ ಚುಚ್ಚಿಕೊಂಡರು. ಪರೇಲಿನಲ್ಲಿರುವ ಹಾಫ್‌ಕಿನ್ ಸಂಸ್ಥೆ ಅವರದೇ ಹೆಸರಿನದು.

ಕೆಳಗಿನ ಮೆಟ್ಟಿಲಿಗೆ ಯಾರು

ಸಂಶೋಧನೆಗೆ ಭಾರತ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇ 0.64ರಷ್ಟು. ಚೀನಾ ಶೇ 2 ದಾಟಿ ಎಷ್ಟೋ ವರ್ಷವಾಯಿತು. 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಮಾಡಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ, ಆದರೆ ಅದರಲ್ಲಿ ದೊಡ್ಡ ಪಾಲು ಸರಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆ. 2025ರ ಜುಲೈಯಲ್ಲಿ ಒಂದು ಲಕ್ಷ ಕೋಟಿಯ ಮತ್ತೊಂದು ನಿಧಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಖುಷಿಪಡಬೇಕಾದ್ದೇ. ಆದರೆ ಆ ನಿಧಿ ಖಾಸಗಿಯವರಿಗೆ ಸಾಲ, ಬಂಡವಾಳದ ರೂಪದಲ್ಲಿ ಹೋಗುವಂಥದ್ದು. ತಂತ್ರಜ್ಞಾನದ ಸಿದ್ಧತೆ ಅಳೆಯುವ ಒಂಬತ್ತು ಮೆಟ್ಟಿಲಿನಲ್ಲಿ ನಾಲ್ಕನೆಯದನ್ನು ಹತ್ತಿದವರಿಗೆ ಮೀಸಲು. ನೊಣಕ್ಕೆ ಎಕ್ಸ್-ರೇ ಹಾಯಿಸುವವರು ನಿಂತಿರುವುದು ಮೊದಲ ಮೆಟ್ಟಿಲಿನಲ್ಲಿ.

ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹೀಮಿನ ಕರ್ನಾಟಕ ಸಂಘ, ಉಪನಗರಗಳ ನಮ್ಮ ಹತ್ತಾರು ಕನ್ನಡ ಸಂಘಗಳು ಭಾನುವಾರಗಳಂದು ಯಕ್ಷಗಾನ, ತಾಳಮದ್ದಳೆ, ಪುಸ್ತಕ ಬಿಡುಗಡೆ ಇಟ್ಟುಕೊಳ್ಳುತ್ತವೆ. ಟ್ರಾಂಬೆಯಲ್ಲಿ, ಕೊಲಾಬಾದಲ್ಲಿ ದುಡಿದು ನಿವೃತ್ತರಾದ ಕನ್ನಡಿಗ ವಿಜ್ಞಾನಿಗಳು ಚೆಂಬೂರಿನಿಂದ ನವಿ ಮುಂಬಯಿಯವರೆಗೆ ನಮ್ಮ ನಡುವೆಯೇ ಇದ್ದಾರೆ. ತಿಂಗಳಿಗೊಂದು ಭಾನುವಾರ ಅವರಲ್ಲೊಬ್ಬರನ್ನು ಕರೆಸಿ, ಏನನ್ನು ಹುಡುಕಲು ಹೋದಿರಿ, ಹುಡುಕುವಾಗ ಇನ್ನೇನು ಸಿಕ್ಕಿತು ಎಂದು ಕನ್ನಡದಲ್ಲೇ ಕೇಳಿ. ಸಭೆಗೆ ನಿಮ್ಮ ಸಂಸದರನ್ನೂ ಕರೆಯಿರಿ. ಮುಂದಿನ ಬಜೆಟ್ಟಿಗೆ ಕೈಯೆತ್ತುವವರು ಅವರೇ.